ಹೆಸ್ಸೆಯ ಎರಡು ಹೊಳೆಗಳು

ಹರ್ಮನ್ ಹೆಸ್ಸೆಯ ಯಾವ ಕಾದಂಬರಿ ನಿಮಗಿಷ್ಟ ಅಂತ ಯಾರನ್ನಾದರೂ ಕೇಳಿ ನೋಡಿ. ಹತ್ತರಲ್ಲಿ ಎಂಟು ಮಂದಿ 'ಸಿದ್ಧಾರ್ಥ' ಅಂತಾರೆ. ಕಾಲೇಜು ಹುಡುಗರು 'ಡೆಮಿಯನ್' ಅಂತಾರೆ. ಬದುಕಿನಲ್ಲಿ ಸ್ವಲ್ಪ ಪೆಟ್ಟು ತಿಂದವರು 'ಸ್ಟೆಪೆನ್‌ವುಲ್ಫ್' ಅಂತಾರೆ. ನಾವು ಮೇಷ್ಟ್ರುಗಳು ಮಾತ್ರ 1906ರ ಒಂದು ಸಣ್ಣ ಕಾದಂಬರಿಯನ್ನು ಹೇಳುತ್ತೇವೆ. ಇಂಗ್ಲಿಷಿನಲ್ಲಿ ಅದರ ಹೆಸರು 'ಬಿನೀತ್ ದ ವೀಲ್', ಅಂದರೆ ಗಾಲಿಯ ಕೆಳಗೆ. ನಮಗೆ ಜರ್ಮನ್ ಬಾರದು. ಓದಿದ್ದು ಇಂಗ್ಲಿಷಿನಲ್ಲೇ.

ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಮೇಷ್ಟ್ರಿಗೂ ಜರ್ಮನ್ ಲೇಖಕನಿಗೂ ಎತ್ತಣಿಂದೆತ್ತ ಸಂಬಂಧ ಅಂತೀರಾ? ಸಂಬಂಧ ಇದೆ. ಹೆಸ್ಸೆಯ ತಾಯಿ ಮೇರಿ ಹುಟ್ಟಿದ್ದು 1842ರಲ್ಲಿ, ಕೇರಳದ ತಲಶ್ಶೇರಿಯಲ್ಲಿ. ತಾಯಿಯ ತಂದೆ ಹರ್ಮನ್ ಗುಂಡರ್ಟ್ 1872ರಲ್ಲಿ ಮಲಯಾಳಂ ನಿಘಂಟು ಕೊಟ್ಟವರು. ಅವರ ಗೆಳೆಯ ಹರ್ಮನ್ ಮೋಗ್ಲಿಂಗ್, 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದವರು. ಹೆಸ್ಸೆ ಮಾತ್ರ 1911ರಲ್ಲಿ ಸಿಂಹಳದವರೆಗೆ ಬಂದರೂ ನಮ್ಮ ನೆಲ ಮೆಟ್ಟಲಿಲ್ಲ.

ಇರಲಿ, ಕಥೆಗೆ ಬರೋಣ. ಹಾನ್ಸ್ ಅಂತ ಒಬ್ಬ ಹುಡುಗ. ಸಣ್ಣ ಊರು, ತಾಯಿಯಿಲ್ಲದ ಮನೆ, ಆದರೆ ಬಲು ಚುರುಕು. ರಾಜ್ಯದ ದೊಡ್ಡ ಪರೀಕ್ಷೆಯಲ್ಲಿ ಎರಡನೆಯವನಾಗಿ ಪಾಸಾಗುತ್ತಾನೆ. ಊರೆಲ್ಲ ಸಂಭ್ರಮ. ರಜೆಯಲ್ಲಿ ಮೀನು ಹಿಡಿಯಲು ಹೊಳೆಗೆ ಹೋದರೆ, ಪಾದ್ರಿಯೂ ಹೆಡ್‌ಮಾಸ್ಟರೂ ಕರೆದು ಮುಂದಿನ ವರ್ಷದ ಪಾಠ ಶುರು ಮಾಡಿಬಿಡುತ್ತಾರೆ. ಪ್ರೀತಿಯಿಂದಲೇ! ಆಮೇಲೆ ಮೌಲ್‌ಬ್ರಾನ್ ಮಠದ ವಸತಿ ಶಾಲೆ, ತಲೆನೋವು, ಮನಸ್ಸಿನ ಕಾಯಿಲೆ, ಊರಿಗೆ ವಾಪಸ್ಸು. ಕೊನೆಗೆ ಅದೇ ಹೊಳೆಯಲ್ಲಿ ಹೆಣವಾಗಿ ಸಿಗುತ್ತಾನೆ. ಮಣ್ಣು ಮಾಡಿದ ಮೇಲೆ ಚಮ್ಮಾರ ಫ್ಲೈಗ್, ಹೊರಟು ಹೋಗುತ್ತಿದ್ದ ಮೇಷ್ಟ್ರುಗಳ ಕಡೆ ಕೈತೋರಿಸಿ, ಇದರಲ್ಲಿ ಇವರ ಪಾಲೂ ಇದೆ ಅನ್ನುತ್ತಾನೆ. ಇದು ಬರೀ ಕಟ್ಟುಕತೆಯಲ್ಲ. ಹೆಸ್ಸೆಯೂ ಅದೇ ಶಾಲೆಯಿಂದ 1892ರಲ್ಲಿ ಓಡಿಹೋಗಿದ್ದ.

ಈಗ ನಮ್ಮ ಕಡೆ ನೋಡಿ. ರಾಯದುರ್ಗ 1953ರ ತನಕ ಬಳ್ಳಾರಿ ಜಿಲ್ಲೆಯದು, ಆಂಧ್ರ ರಾಜ್ಯವಾದಾಗ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆ ಬದಲಾದರೂ ಮಕ್ಕಳ ಪಾಡು ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ತೆಲುಗು, ಮುಂದೆ ಓದಬೇಕಾದರೆ ಇಂಗ್ಲಿಷು. ಹಾನ್ಸ್‌ಗೆ ಲ್ಯಾಟಿನ್, ಗ್ರೀಕ್, ಹೀಬ್ರೂ ಇದ್ದ ಹಾಗೆ!

ಇಂಥ ಕಡೆ ಒಂದು ಚುರುಕು ಮಗು ಸಿಕ್ಕರೆ ಏನಾಗುತ್ತೆ? ಶೇಂಗಾ ಕೀಳೋ ಅಪ್ಪ ಅಮ್ಮನ ಆಸೆಯೆಲ್ಲ ಅದರ ಮೇಲೆ. ನಮ್ಮ ಆಸೆಯೂ ಅದರ ಮೇಲೆ. ಕನ್ನಡ ಶಾಲೆಯಲ್ಲಿ ಓದಿದವರೂ ಮುಂದೆ ಬರ್ತಾರೆ ಅಂತ ತೋರಿಸಬೇಕಲ್ಲ! ರಿಸಲ್ಟ್ ಬಂದರೆ ಮುಂದಿನ ವರ್ಷ ನಾಲ್ಕು ಮಕ್ಕಳು ಹೆಚ್ಚು ಸೇರುತ್ತಾರೆ, ಶಾಲೆ ಉಳಿಯುತ್ತೆ. ಶಾಲೆ ಉಳಿಸುವ ಭಾರವನ್ನು ಹದಿನೈದು ವರ್ಷದ ಮಗುವಿನ ತಲೆ ಮೇಲೆ ಹೊರಿಸಬಹುದೇ? ಹೊರಿಸದಿದ್ದರೆ ಶಾಲೆ ಹೇಗೆ ಉಳಿದೀತು? ಇದಕ್ಕೆ ಸುಲಭದ ಉತ್ತರ ನಮ್ಮಲ್ಲಿಲ್ಲ.

ಹೆಸ್ಸೆ ಮಾತ್ರ ಹದಿನಾರು ವರ್ಷ ಬಿಟ್ಟು, 1922ರಲ್ಲಿ, ಇನ್ನೊಂದು ಹೊಳೆಯ ಕಥೆ ಬರೆದ. ಅದೇ 'ಸಿದ್ಧಾರ್ಥ'. ಅಲ್ಲಿ ವಾಸುದೇವ ಎಂಬ ಅಂಬಿಗ ಬರುತ್ತಾನೆ. ಅವನು ಹೆಚ್ಚು ಮಾತಾಡುವುದಿಲ್ಲ, ಎದುರಿಗಿದ್ದವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾನೆ. ಹಾನ್ಸ್‌ನ ಊರಿನಲ್ಲಿ ಪಾಠ ಹೇಳುವವರು ಬೇಕಾದಷ್ಟು ಮಂದಿ ಇದ್ದರು, ಕೇಳಿಸಿಕೊಳ್ಳುವವರು ಕಡಿಮೆ. ಹಾಗಾಗಿ ಸ್ಪೆಷಲ್ ಕ್ಲಾಸ್ ನಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ಮಗು ತಲೆನೋವು ಅಂದಾಗ ಅದನ್ನು ನೆಪ ಅಂದುಕೊಳ್ಳದೆ ಹತ್ತು ನಿಮಿಷ ಕೂರಿಸಿಕೊಂಡು ಕೇಳೋಣ. ಭಾನುವಾರ ಕೆರೆ ಕಡೆ ಹೋಗಿದ್ದನಂತೆ ಅಂತ ಸೋಮವಾರ ಬಯ್ಯದೆ ಇರೋಣ.

ಮೇಷ್ಟ್ರಾದವರು ಈ ಎರಡು ಪುಸ್ತಕವನ್ನೂ ಜೊತೆಯಲ್ಲೇ ಓದಬೇಕು ಅಂತ ನಮಗನ್ನಿಸುತ್ತೆ. ಮೊದಲು ಗಾಲಿ, ಆಮೇಲೆ ಅಂಬಿಗ. ನೀವೇನಂತೀರಿ?