ಬತ್ತೇರಿಯ ಕಿಂಡಿಗಳು

ಕಳೆದ ದೀಪಾವಳಿಯ ಬಿಡುವಿನಲ್ಲಿ ಮಂಗಳೂರಿನ ಮಗಳ ಮನೆಗೆ ಹೋಗಿದ್ದೆನು. ಹತ್ತು ವರ್ಷದ ಮೊಮ್ಮಗನು ತಾನು ಬೆಂಗಳೂರಿನಲ್ಲಿ ಆಡಿಬಂದ ಹೊಸ ಆಟವೊಂದನ್ನು ಬಣ್ಣಿಸಿದನು. ಆಡುವವರನ್ನು ಒಂದು ಕೋಣೆಯಲ್ಲಿ ಕೂಡಿ ಬಾಗಿಲಿಕ್ಕುವರು. ಅವರು ಗೂಢಚಾರರಾಗಿ, ಗುಪ್ತಲಿಪಿಯನ್ನು ಬಿಡಿಸಿ, ಬೀಗದ ಸಂಕೇತವನ್ನು ಕಂಡುಹಿಡಿದು, ಒಂದು ಗಂಟೆಯೊಳಗೆ ಹೊರಬೀಳಬೇಕು. ಈ ಬಗೆಯ ಆಟವು 2007ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಮೊದಲಾಯಿತಂತೆ. “ಅಜ್ಜ, ನಿಮ್ಮ ಕಾಲದ ಕೋಣೆಯೊಂದನ್ನು ತೋರಿಸಿ” ಎಂದು ಕಾಡಿದನು. ನನ್ನದಕ್ಕಿಂತ ಬಹು ಹಿಂದಿನ ಕಾಲದ್ದೊಂದನ್ನು ತೋರಿಸಲು ಬೋಳೂರಿಗೆ ಕರೆದೊಯ್ದೆನು.

ಅಲ್ಲಿ, ಗುರುಪುರ ಹೊಳೆಯ ದಡದಲ್ಲಿ, ಕರಿಗಲ್ಲಿನ ಸುಲ್ತಾನ್ ಬತ್ತೇರಿ ನಿಂತಿದೆ. ಹಗೆಯ ಹಡಗುಗಳು ಹೊಳೆಯೊಳಗೆ ನುಗ್ಗದಂತೆ 1784ರಲ್ಲಿ ಟೀಪೂ ಸುಲ್ತಾನನು ಕಟ್ಟಿಸಿದ ಕಾವಲು ಬುರುಜು ಇದು. ಅಡಿಯಲ್ಲಿ ಮದ್ದನ್ನಿಡುವ ನೆಲಮಾಳಿಗೆ. ಮೇಲೆ ಗೋಡೆಯ ಸುತ್ತ ತೋಪಿನ ಕಿಂಡಿಗಳು. ಹುಡುಗನು ಕಿಂಡಿಯಿಂದ ಕಿಂಡಿಗೆ ಓಡಿ ಕಣ್ಣಿಟ್ಟು ನೋಡಿದನು. “ಒಂದೊಂದರಲ್ಲಿಯೂ ಹೊಳೆಯ ಒಂದೊಂದು ತುಂಡೇ ಕಾಣುತ್ತದಲ್ಲ!” ಎಂದನು.

ಆ ಮಾತಿಗೆ ನನಗೆ ಕೌಟಲ್ಯನ ನೆನಪಾಯಿತು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಅರ್ಥಶಾಸ್ತ್ರದಲ್ಲಿ ಗೂಢಪುರುಷರ ಪ್ರಕರಣವೊಂದುಂಟು. ಶಿಷ್ಯನ, ಸನ್ಯಾಸಿಯ, ವರ್ತಕನ ವೇಷದಲ್ಲಿ ಚಾರರು ತಿರುಗಬೇಕು. ಒಬ್ಬನನ್ನು ಮತ್ತೊಬ್ಬನು ಅರಿಯಬಾರದು. ಮೂವರ ಮಾತು ಒಂದಾದರೆ ಮಾತ್ರ ಅರಸನು ನಂಬಬೇಕು ಎಂಬುದು ಅವನ ಮತ.

ಬುರುಜು ಎದ್ದ ಅದೇ 1784ರಲ್ಲಿ, ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ, ಈ ಸೀಮೆಯ ಕ್ಯಾಥೊಲಿಕ್ ಕ್ರೈಸ್ತರನ್ನು ಸಂಸಾರಸಹಿತ ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಮಂದಿ ಮಡಿದರು. ಉಳಿದವರಿಗೆ ಬಿಡುಗಡೆಯಾದುದು 1799ರಲ್ಲಿ. ಹಿರಿಯರ ಮೇಲಣ ಸಂಶಯಕ್ಕೆ ತೊಟ್ಟಿಲ ಕೂಸುಗಳೂ ದಂಡ ತೆತ್ತವು.

ಅರಸನನ್ನು ದೂರುವುದು ಸುಲಭ. ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ನನ್ನ ಲೇಖನಿಯೊಂದು ಕಾಣೆಯಾಯಿತು. ಒಬ್ಬ ಬಾಲಕನ ಪಿಸುಮಾತನ್ನು ನಂಬಿ ಮತ್ತೊಬ್ಬನನ್ನು ಬೆತ್ತದಿಂದ ಹೊಡೆದು ಹೊರಗೆ ನಿಲ್ಲಿಸಿದೆನು. ಸಂಜೆ ಲೇಖನಿಯು ನನ್ನದೇ ಕೋಟಿನ ಜೇಬಿನ ಹರಕಿನಲ್ಲಿ ಸಿಕ್ಕಿತು. ಮರುದಿನದಿಂದ ಆ ಹುಡುಗನು ಶಾಲೆಗೆ ಬರಲಿಲ್ಲ. ಅವನ ಮನೆಯ ಬಾಗಿಲಿನವರೆಗೆ ಹೋಗಿ, ತಟ್ಟುವ ಧೈರ್ಯ ಸಾಲದೆ ಹಿಂದಿರುಗಿದೆನು. ಕೌಟಲ್ಯನನ್ನು ನಾನಾಗಲೇ ಓದಿದ್ದೆನು. ಇತರರಿಗೆ ಪಾಠವನ್ನೂ ಹೇಳಿದ್ದೆನು.

ಹೊತ್ತು ಇಳಿಯುತ್ತಿರಲು ಮೆಟ್ಟಿಲಿಳಿದೆವು. “ಆಟದಲ್ಲಿ ನಮಗೆ ಬಿಡಿಸಲಾಗದಿದ್ದರೆ, ಗಂಟೆ ಮುಗಿದೊಡನೆ ಅವರೇ ಬಾಗಿಲು ತೆರೆಯುತ್ತಾರೆ, ಅಜ್ಜ” ಎಂದನು ಮೊಮ್ಮಗ. ಎಲ್ಲ ಬಾಗಿಲುಗಳೂ ಹಾಗಲ್ಲವಷ್ಟೆ. ಮನೆಯಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ದೂರು ತಂದಾಗ, ಕೈಯೆತ್ತುವ ಮೊದಲು, ವಾಚಕರು ಇನ್ನೆರಡು ಕಿಂಡಿಗಳಿಂದ ನೋಡಿಯಾರೆಂದು ನನ್ನ ಬಿನ್ನಹ.