ಸ್ಪ್ರಿಂಗ್ ಒಂದೇ ಸಾಲದು

ಮೋಟಾರು ಸೈಕಲ್ಲಿಗೆ ಶಾಕ್ ಅಬ್ಸಾರ್ಬರ್ ಇರುವುದು ಎಲ್ಲರಿಗೂ ಗೊತ್ತು. ಕಾಲಿನಿಂದ ತುಳಿಯುವ ಸೈಕಲ್ಲಿಗೂ ಅದು ಬೇಕೇ ಎಂದು ಕೇಳಿದರೆ ಹಿರಿಯರು ನಗುತ್ತಾರೆ. ಮಕ್ಕಳು ‘ಬೇಕೇ ಬೇಕು’ ಎನ್ನುತ್ತಾರೆ. ಇಪ್ಪತ್ತೇಳು ವರ್ಷಗಳಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿರುವ ನನಗೆ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಕಾಣುತ್ತದೆ. ಆ ಎರಡು ಅರ್ಧಗಳನ್ನು ಕೂಡಿಸುವುದು ಒಂಬತ್ತನೆಯ ತರಗತಿಯ ಭೌತಶಾಸ್ತ್ರಕ್ಕೆ ನಿಲುಕದ ಕೆಲಸವೇನಲ್ಲ.

ಈ ಪ್ರಶ್ನೆ ಈಗ ಮತ್ತೆ ಎದ್ದಿರುವುದು ‘ಗ್ರ್ಯಾವೆಲ್ ಬೈಕ್’ ಎಂಬ ಸೈಕಲ್ಲಿನಿಂದ. ಗ್ರ್ಯಾವೆಲ್ ಎಂದರೆ ಜಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಫ್ಲಿಂಟ್ ಹಿಲ್ಸ್ ಎಂಬ ಹುಲ್ಲುಗಾವಲಿನ ದಿಣ್ಣೆಗಳ ಸೀಮೆಯಿದೆ. ಡಾಂಬರು ಕಾಣದ ದಾರಿಗಳು. ದಾರಿಯ ತುಂಬ ಚಕಮಕಿ ಕಲ್ಲಿನ ಚೂಪು ತುಣುಕುಗಳು. ಎಂಪೋರಿಯಾ ಎಂಬ ಊರಿನಿಂದ ಹೊರಟು ಆ ದಾರಿಗಳಲ್ಲಿ 200 ಮೈಲಿ, ಅಂದರೆ ಸುಮಾರು 320 ಕಿಲೋಮೀಟರ್ ತುಳಿಯುವ ಪಂದ್ಯವೊಂದು 2006ರಲ್ಲಿ ಆರಂಭವಾಯಿತು. ಈಗ ಅದರ ಹೆಸರು ‘ಅನ್‌ಬೌಂಡ್ ಗ್ರ್ಯಾವೆಲ್’. ಇಂಥ ದಾರಿಗಳಿಗಾಗಿ ಬೆಳೆದು ಬಂದ ಸೈಕಲ್ಲಿನ ಹ್ಯಾಂಡಲ್ ರೇಸ್ ಸೈಕಲ್ಲಿನದರಂತೆ ಟಗರಿನ ಕೊಂಬಿನ ಹಾಗೆ ಬಾಗಿರುತ್ತದೆ. ಟಯರ್ ಮಾತ್ರ ಅಗಲ. ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್.

ಮೊದಮೊದಲು ಈ ಸೈಕಲ್ಲುಗಳಲ್ಲಿ ಮುಂದಿನ ಗಾಲಿಯನ್ನು ಹಿಡಿಯುವ ಫೋರ್ಕ್ ಅಲುಗಾಡದ, ಗಟ್ಟಿಯಾದ ಫೋರ್ಕೇ ಆಗಿತ್ತು. 2017ರಲ್ಲಿ ಫಾಕ್ಸ್ ಕಂಪನಿ ಇವುಗಳಿಗೆಂದೇ 40 ಮಿಲಿಮೀಟರ್ ಕುಗ್ಗುವ ಸಸ್ಪೆನ್ಷನ್ ಫೋರ್ಕ್ ತಂದಿತು. 2021ರಲ್ಲಿ ರಾಕ್‌ಶಾಕ್ಸ್ ಕಂಪನಿಯ ‘ರೂಡಿ’ ಬಂತು. ಬೆಟ್ಟ ಇಳಿಯುವ ಮೌಂಟನ್ ಬೈಕುಗಳ ಫೋರ್ಕ್ 100 ಮಿಲಿಮೀಟರಿಗೂ ಹೆಚ್ಚು ಕುಗ್ಗುವುದುಂಟು. ಇವು ಕುಗ್ಗುವುದು ನಮ್ಮ ಎರಡು ಬೆರಳಿನ ಅಗಲದಷ್ಟು. ಇಷ್ಟಕ್ಕೆ ಇಷ್ಟೊಂದು ದುಡ್ಡೇ ಎಂದು ಯಾರಿಗಾದರೂ ಅನ್ನಿಸೀತು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ಊರಿಗೆ ಬಂದಾಗ ಇಂಥದೊಂದು ಸೈಕಲ್ ತಂದಿದ್ದ. ‘ಸಾರ್, ಒಂದು ರೌಂಡ್ ಹೋಗಿಬನ್ನಿ’ ಎಂದು ಕೈಗಿತ್ತ. ನಮ್ಮ ನಾಲೆ ಏರಿಯ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಓಡಾಟದಿಂದ ಮಣ್ಣು ತಗಡಿನ ಶೀಟಿನಂತೆ ಅಲೆಅಲೆಯಾಗಿದೆ. ಅಲ್ಲಿ ಬಗ್ಗಿ ನೋಡಿದರೆ ಕೆಳಗೆ ಗಾಲಿ ಕುಣಿಯುತ್ತಿತ್ತು, ಮೇಲೆ ಹ್ಯಾಂಡಲ್ ಬಹುಮಟ್ಟಿಗೆ ಸುಮ್ಮನಿತ್ತು. ಐವತ್ತು ದಾಟಿದ ನನ್ನ ಮಣಿಕಟ್ಟುಗಳಿಗೆ ಅದರ ಬೆಲೆ ತಕ್ಷಣ ತಿಳಿಯಿತು.

ಸಣ್ಣ ಲೆಕ್ಕವೊಂದನ್ನು ಮಾಡೋಣ. ಗಂಟೆಗೆ 18 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 5 ಮೀಟರ್. ಅರ್ಧ ಮೀಟರಿಗೊಂದು ಉಬ್ಬಿದ್ದರೆ ಸೆಕೆಂಡಿಗೆ ಹತ್ತು ಪೆಟ್ಟು, ಒಂದು ನಿಮಿಷಕ್ಕೆ ಆರುನೂರು. ಗಟ್ಟಿ ಫೋರ್ಕಿನಲ್ಲಿ ಪ್ರತಿ ಉಬ್ಬಿಗೂ ಸೈಕಲ್ಲಿನ ಮುಂಭಾಗದ ಜೊತೆಗೆ ಸವಾರನ ಕೈ, ಭುಜಗಳೂ ಮೇಲೇಳಬೇಕು. ಸಸ್ಪೆನ್ಷನ್ ಇದ್ದರೆ ಗಾಲಿ ಮತ್ತು ಫೋರ್ಕಿನ ಕೆಳಭಾಗವಷ್ಟೇ ಎದ್ದು ಇಳಿದರೆ ಸಾಕು.

ಸುಖಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬ್ರೇಕ್ ಹಿಡಿಯುವುದಾಗಲಿ, ತಿರುವಿನಲ್ಲಿ ಹೊರಳುವುದಾಗಲಿ ಆಗುವುದು ಟಯರ್ ನೆಲ ಮುಟ್ಟಿದ್ದಾಗ ಮಾತ್ರ. ಗಾಳಿಯಲ್ಲಿ ಹಾರಿದ ಗಾಲಿಗೆ ಘರ್ಷಣೆ ಎಲ್ಲಿಂದ ಬರಬೇಕು? ಒಳ್ಳೆಯ ಫೋರ್ಕ್ ಗಾಲಿಯನ್ನು ನೆಲಕ್ಕೆ ಅಂಟಿಸಿಕೊಂಡಿರುತ್ತದೆ. ಅದಕ್ಕಾಗಿಯೇ ಸವಾರ ಕುಳಿತಾಗ ಅದು ಸ್ವಲ್ಪ, ಒಟ್ಟು ಚಲನೆಯ ಸುಮಾರು ಐದನೆಯ ಒಂದು ಭಾಗದಷ್ಟು, ತಗ್ಗಿರುವಂತೆ ಹೊಂದಿಸುತ್ತಾರೆ. ಉಬ್ಬು ಬಂದರೆ ಗಾಲಿ ಮೇಲೆ ಹೋಗಬೇಕು, ಗುಂಡಿ ಬಂದರೆ ಕೆಳಗೂ ಇಳಿಯಬೇಕಲ್ಲವೇ?

ಇನ್ನು ಫೋರ್ಕಿನ ಒಳಗೇನಿದೆ ಎಂಬುದನ್ನು ನಾನು ತರಗತಿಯಲ್ಲಿ ಎರಡು ಸಿರಿಂಜುಗಳಿಂದ ತೋರಿಸುತ್ತೇನೆ. ಸೂಜಿ ಬೇಡ, ಹೊಸ ಪ್ಲಾಸ್ಟಿಕ್ ಸಿರಿಂಜು ಸಾಕು. ಮೊದಲನೆಯದರಲ್ಲಿ ಗಾಳಿ ತುಂಬಿ, ಬಾಯಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ, ಹಿಡಿಯನ್ನು ಒತ್ತಿ. ಮೊದಲು ಸಲೀಸಾಗಿ ಹೋಗುತ್ತದೆ, ಒತ್ತಿದಷ್ಟೂ ಬಿಗಿಯಾಗುತ್ತದೆ, ಕೈ ಬಿಟ್ಟರೆ ಹಿಂದಕ್ಕೆ ಚಿಮ್ಮುತ್ತದೆ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮ ಇದೇ: ಗಾತ್ರ ಅರ್ಧವಾದರೆ ಒತ್ತಡ ಎರಡರಷ್ಟು. ಇಂಥ ಫೋರ್ಕುಗಳ ಒಂದು ಕಾಲಿನಲ್ಲಿ ಇರುವುದು ಈ ಗಾಳಿಯ ಸ್ಪ್ರಿಂಗೇ. ಸವಾರನ ತೂಕಕ್ಕೆ ತಕ್ಕಂತೆ ಗಾಳಿ ಹೆಚ್ಚು ಕಡಿಮೆ ಮಾಡಬಹುದೆಂಬುದು ಅದರ ಅನುಕೂಲ.

ಎರಡನೆಯ ಸಿರಿಂಜಿನಲ್ಲಿ ಕೊಬ್ಬರಿ ಎಣ್ಣೆ ತುಂಬಿ, ಬಾಯಿ ತೆರೆದೇ ಇರಲಿ. ನಿಧಾನವಾಗಿ ಒತ್ತಿದರೆ ಎಣ್ಣೆ ಸುಲಭವಾಗಿ ಹೊರಬರುತ್ತದೆ. ಜೋರಾಗಿ ಒತ್ತಲು ಹೋದರೆ ಹಿಡಿ ಎದುರು ನಿಲ್ಲುತ್ತದೆ. ಕೈ ಬಿಟ್ಟರೆ ಚಿಮ್ಮುವುದಿಲ್ಲ, ಇದ್ದಲ್ಲೇ ಇರುತ್ತದೆ. ಫೋರ್ಕಿನ ಇನ್ನೊಂದು ಕಾಲಿನಲ್ಲಿರುವ ಡ್ಯಾಂಪರ್ ಮಾಡುವುದು ಇದನ್ನೇ. ಎಣ್ಣೆ ಸಣ್ಣ ರಂಧ್ರಗಳಲ್ಲಿ ತೂರಿಕೊಂಡು ಹೋಗುವಾಗ ಪೆಟ್ಟಿನ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ.

ಇಲ್ಲಿಯೇ ಗುಟ್ಟು ಇರುವುದು. ಸ್ಪ್ರಿಂಗ್ ಶಕ್ತಿಯನ್ನು ತಿನ್ನುವುದಿಲ್ಲ, ಸಾಲ ಪಡೆದವನಂತೆ ಇಟ್ಟುಕೊಂಡು ಹಿಂದಿರುಗಿಸುತ್ತದೆ. ಡ್ಯಾಂಪರ್ ಇಲ್ಲದ ಸೈಕಲ್ ಒಂದು ಹೊಂಡಕ್ಕೆ ಬಿದ್ದು ನಾಲ್ಕು ಸಲ ಕುಪ್ಪಳಿಸುತ್ತದೆ. ಡ್ಯಾಂಪರ್ ಅತಿಯಾದರೂ ಕಷ್ಟ. ಸೆಕೆಂಡಿಗೆ ಹತ್ತು ಪೆಟ್ಟು ಬೀಳುವಲ್ಲಿ ಒಂದು ಪೆಟ್ಟಿಗೆ ಕುಗ್ಗಿದ ಫೋರ್ಕ್ ಮುಂದಿನದು ಬರುವುದರೊಳಗೆ ಮೇಲೇಳದಿದ್ದರೆ ಹಂತಹಂತವಾಗಿ ಕುಸಿದು ಗಟ್ಟಿ ಫೋರ್ಕಿನಂತೆಯೇ ಆಗಿಬಿಡುತ್ತದೆ. ಆದ್ದರಿಂದಲೇ ಅದನ್ನು ಹದ ಮಾಡಲು ಒಂದು ತಿರುಪು ಕೊಟ್ಟಿರುತ್ತಾರೆ.

ಇಷ್ಟೆಲ್ಲ ಅನುಕೂಲಕ್ಕೆ ತೆರಬೇಕಾದ ಬೆಲೆ ದುಡ್ಡಿನದು ಮಾತ್ರವಲ್ಲ. ಗಟ್ಟಿಯಾದ ಕಾರ್ಬನ್ ಫೋರ್ಕ್ ಅರ್ಧ ಕೆ.ಜಿ. ಆಸುಪಾಸಿನದು, ಸಸ್ಪೆನ್ಷನ್ ಫೋರ್ಕ್ ಒಂದೂಕಾಲು ಕೆ.ಜಿ. ಹತ್ತಿರ. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ. ಎಂದಿಟ್ಟುಕೊಂಡರೆ ದಿಣ್ಣೆ ಏರುವಾಗ ಹೆಚ್ಚುವ ಶ್ರಮ ನೂರಕ್ಕೆ ಒಂದು ಪಾಲು. ಅದೇನೂ ದೊಡ್ಡದಲ್ಲ. ಆದರೆ ಧೂಳು ಒರೆಸುವುದು, ಸೀಲು ನೋಡುವುದು, ಎಣ್ಣೆ ಬದಲಿಸುವುದು ಇವೆಲ್ಲ ಹೊಸ ಕೆಲಸಗಳು.

ಇದು ಹಿಂದೆಯೂ ಪರೀಕ್ಷೆಗೆ ಬಂದ ವಿಷಯ. ಉತ್ತರ ಫ್ರಾನ್ಸಿನ ಪ್ಯಾರಿಸ್-ರೂಬೇ ಎಂಬ ಪ್ರಸಿದ್ಧ ಓಟದಲ್ಲಿ ಐವತ್ತು ಕಿಲೋಮೀಟರಿನಷ್ಟು ದೂರ ಹಳೆಯ ಕಲ್ಲುಹಾಸಿನ ದಾರಿ. 1992 ಮತ್ತು 1993ರಲ್ಲಿ ಅದನ್ನು ಗೆದ್ದ ಜಿಲ್ಬೇರ್ ದ್ಯೂಕ್ಲೋ-ಲಸಾಲ್, 1994ರಲ್ಲಿ ಗೆದ್ದ ಆಂದ್ರೇ ಚ್ಮಿಲ್ ಇಬ್ಬರ ಸೈಕಲ್ಲಿನಲ್ಲೂ ರಾಕ್‌ಶಾಕ್ಸ್ ಫೋರ್ಕ್ ಇತ್ತು. ದ್ಯೂಕ್ಲೋ-ಲಸಾಲರಿಗೆ ಎರಡನೆಯ ಗೆಲುವಿನ ಹೊತ್ತಿಗೆ 38 ವರ್ಷ. ಆದರೂ ಆ ಓಟದಲ್ಲಿ ಇಂಥ ಫೋರ್ಕ್ ರೂಢಿಯಾಗಿ ಉಳಿಯಲಿಲ್ಲ. ಮುಂದೆ ಸವಾರರು ಟಯರ್ ಅಗಲ ಮಾಡಿ, ಗಾಳಿ ಇಳಿಸಿ ಅದೇ ಕಲ್ಲುಗಳನ್ನು ದಾಟಿದರು. ಕ್ಯಾನ್ಸಸ್‌ನಲ್ಲೂ ಅಗಲ ಟಯರು, ಗಟ್ಟಿ ಫೋರ್ಕನ್ನೇ ನೆಚ್ಚಿ ಮುಂಚೂಣಿಯಲ್ಲಿ ಓಡುವವರು ಅನೇಕರಿದ್ದಾರೆ.

ಏಕೆಂದರೆ ಟಯರೂ ಒಂದು ಗಾಳಿಯ ಸ್ಪ್ರಿಂಗೇ. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ಟಯರ್ ಕಟ್ಟಿದನಷ್ಟೆ. ನಮ್ಮ ಹಾಲಿನವರ ಕಪ್ಪು ಸೈಕಲ್ಲಿನ ಟಯರಿನ ಪಕ್ಕ ‘28 × 1½’ ಎಂದು ಬರೆದಿರುವುದನ್ನು ನೋಡಿ. ಒಂದೂವರೆ ಇಂಚೆಂದರೆ ಹತ್ತಿರಹತ್ತಿರ 40 ಮಿಲಿಮೀಟರ್. ಸೀಟಿನ ಕೆಳಗೆ ಎರಡು ಸ್ಪ್ರಿಂಗ್ ಬೇರೆ. ಆ ಹೊಸ ಗ್ರ್ಯಾವೆಲ್ ಬೈಕಿಗೆ ನಮ್ಮ ಅಜ್ಜಂದಿರ ಸೈಕಲ್ ದೂರದ ನೆಂಟನೇ ಹೌದು.

ಈ ವಿಷಯ ನನಗೆ ಕೇವಲ ಪಾಠವಾಗಿ ಉಳಿಯದಿರಲು ಕಾರಣ ನಮ್ಮ ಶಾಲೆಯ ಹುಡುಗಿಯೊಬ್ಬಳು. ಆರು ಕಿಲೋಮೀಟರ್ ದೂರದ ಹಳ್ಳಿಯಿಂದ ಜಲ್ಲಿ ಹರಡಿಬಿಟ್ಟ ರಸ್ತೆಯಲ್ಲಿ ಅಕ್ಕನ ಹಳೆಯ ಸೈಕಲ್ ತುಳಿದು ಬರುತ್ತಾಳೆ. ಮೊದಲ ಪೀರಿಯಡ್ಡಿನಲ್ಲಿ ಬರೆಯಲಾಗದೆ ಕೈ ಕೊಡವುತ್ತ ಕೂರುವಳು. ಎರಡು ಬಾರಿ ಬಿದ್ದಿದ್ದಳು ಕೂಡ. ಅವಳ ತಂದೆ ಶಾಲೆಗೆ ಬಂದು, ‘ಮುಂದಕ್ಕೆ ಸ್ಪ್ರಿಂಗ್ ಇರೋ ಸೈಕಲ್ ಬಂದದಂತಲ್ಲ ಮೇಷ್ಟ್ರೇ, ಸಾಲ ಮಾಡಿಯಾದ್ರೂ ಅದನ್ನೇ ಕೊಡಿಸಿಬಿಡ್ಲಾ? ಇಲ್ಲ ಸ್ಕೂಲೇ ಬಿಡಿಸಿ ಅವಳ ಅತ್ತೆ ಊರಲ್ಲಿ ಸೇರಿಸ್ಲಾ?’ ಎಂದರು. ಹತ್ತನೆಯ ತರಗತಿಯ ನಡುವಿನಲ್ಲಿ ಶಾಲೆ ಬದಲಿಸುವುದೆಂದರೆ ಏನೆಂದು ಪಾಲಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಸೈಕಲ್ ನೋಡಿದೆ. ಟಯರ್ ಒತ್ತಿದರೆ ಕಲ್ಲು. ಅರವತ್ತು ಕೆ.ಜಿ. ಆಳು ಮೂಟೆ ಹೇರಿಕೊಂಡು ಹೋಗಲು ಬೇಕಾಗುವಷ್ಟು ಗಾಳಿಯನ್ನು 38 ಕೆ.ಜಿ. ಹುಡುಗಿಯ ಸೈಕಲ್ಲಿಗೂ ಹೊಡೆಸಿದ್ದರು. ಟಯರಿನ ಮೈ ಸವೆದು ನುಣುಪಾಗಿತ್ತು. ಬ್ರೇಕ್ ರಬ್ಬರ್ ಮುಗಿದಿತ್ತು. ಒಂದು ಜೊತೆ ಅಗಲದ ಹೊಸ ಟಯರ್ ಹಾಕಿಸಿ, ಬ್ರೇಕ್ ಸರಿಮಾಡಿಸಿ, ಅವಳು ಕುಳಿತಾಗ ಟಯರ್ ಸ್ವಲ್ಪವೇ ಉಬ್ಬುವಷ್ಟು ಗಾಳಿ ಬಿಡಿಸಿದೆವು. ತೀರ ಇಳಿಸಬಾರದು, ರಿಮ್ಮು ಕಲ್ಲಿಗೆ ಬಡಿದು ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಟಯರಿನ ಮೇಲೆ ಅಚ್ಚಾಗಿರುವ ಮಿತಿಯೊಳಗೇ ಇರಬೇಕು. ಸಾಲದ ಮಾತು ಅಲ್ಲಿಗೆ ನಿಂತಿತು. ಒಂದು ವಾರದ ಮೇಲೆ ಕೇಳಿದಾಗ ಅವಳು, ‘ಕೈ ಜುಮ್ಮನ್ನಲ್ಲ ಸಾರ್, ಆದರೆ ಸೇತುವೆ ಹತ್ರದ ಹೊಂಡ ಹಾಗೇ ಇದೆ’ ಎಂದಳು. ನಿಜವೇ. ಹೊಂಡ ಮುಚ್ಚುವ ಕೆಲಸವನ್ನು ಯಾವ ಟಯರೂ ಯಾವ ಫೋರ್ಕೂ ಮಾಡಲಾರದು.

ಹಾಗೆಂದು ಸಸ್ಪೆನ್ಷನ್ ಫೋರ್ಕ್ ಬೇಡವೆಂದು ನಾನು ಹೇಳುತ್ತಿಲ್ಲ. ದೂರದ ಒರಟು ದಾರಿಗೆ ಒಳ್ಳೆಯದು ಸಿಗುವಂತಿದ್ದರೆ ಅದು ಬಹಳ ಒಳ್ಳೆಯ ಸಾಧನ. ಆದರೆ ಅಗ್ಗದ ಮಕ್ಕಳ ಸೈಕಲ್ಲುಗಳಲ್ಲಿ ದಪ್ಪ ಕೊಳವೆಯೊಳಗೆ ಬರೀ ಉಕ್ಕಿನ ಸ್ಪ್ರಿಂಗ್ ಇಟ್ಟಿರುವುದೇ ಹೆಚ್ಚು. ತೂಕ ಬರುತ್ತದೆ, ಡ್ಯಾಂಪರ್ ಬರುವುದಿಲ್ಲ. ಇದನ್ನು ಪತ್ತೆ ಮಾಡುವುದು ಸುಲಭ. ಅಂಗಡಿಯಲ್ಲಿ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಬಲವಾಗಿ ಅದುಮಿ, ಥಟ್ಟನೆ ಕೈ ಸಡಿಲಿಸಿ. ಫೋರ್ಕ್ ‘ಟಕ್’ ಎಂದು ಸದ್ದು ಮಾಡಿ ಚಿಮ್ಮಿದರೆ ಒಳಗೆ ಮೊದಲನೆಯ ಸಿರಿಂಜು ಮಾತ್ರ ಇದೆ ಎನ್ನಿ. ಸದ್ದಿಲ್ಲದೆ, ತಡೆದುಕೊಂಡು ಮೇಲೆದ್ದರೆ ಎರಡನೆಯದೂ ಇದೆ. ಮಗ ಅಥವಾ ಮಗಳ ಕೈಯಲ್ಲೇ ಈ ಪರೀಕ್ಷೆ ಮಾಡಿಸಿ. ಅಂಗಡಿಯವರು ಬೇಡ ಎನ್ನುವುದಿಲ್ಲ.