ತಲೆ ತಗ್ಗಿಸಿದ ಹುಡುಗ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕೇರಿಯ ಹುಡುಗನೊಬ್ಬ ಹೊಡೆದಾಟದ ಪ್ರಕರಣವೊಂದರಲ್ಲಿ ಜೈಲು ಸೇರಿದ್ದ. ಜಾಮೀನಿಗೆ ಹಣ ಹೊಂದದೆ ಏಳು ತಿಂಗಳು ಕಳೆದಿತ್ತು. ಅವನ ತಾಯಿಯ ಜೊತೆ ನಾವು ಮೂವರು ಭೇಟಿಗೆ ಹೋದೆವು. ಬೆಳಗಿನಿಂದ ಸರದಿಯಲ್ಲಿ ನಿಂತ ಮೇಲೆ ಜಾಲರಿಯ ಮುಂದೆ ಸಿಕ್ಕಿದ್ದು ಹತ್ತು ನಿಮಿಷ.

ಕೇರಿಯಲ್ಲಿ ಯಾರಿಗೂ ಸೊಪ್ಪು ಹಾಕದ ಹುಡುಗ ಅವನು. ಅಂದು ಹಿಂದಿನಿಂದ ಬೂಟಿನ ಸದ್ದು ಕೇಳಿದ್ದೇ ತಡ, ಮಾತನ್ನು ಅರ್ಧಕ್ಕೆ ನಿಲ್ಲಿಸಿ ಕೈಕಟ್ಟಿ ತಲೆ ತಗ್ಗಿಸಿದ. ಬಂದ ಸಿಬ್ಬಂದಿ ಅವನನ್ನು ನೋಡಲೂ ಇಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ನಮ್ಮಲ್ಲೊಬ್ಬರು, "ಹುಡುಗ ಸುಧಾರಿಸಿದ್ದಾನೆ" ಎಂದರು. ತಾಯಿ ಮಾತ್ರ ಕಿಟಕಿಯ ಹೊರಗೆ ನೋಡುತ್ತಾ, "ನನ್ನ ಮಗ ಹೀಗಿರಲಿಲ್ಲ" ಎಂದರು.

ಯಾರ ಮಾತು ಸರಿ? ಈ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು.

1971ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಜಿಂಬಾರ್ಡೊ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ನಡೆಸಿದರು. ನೆಲಮಾಳಿಗೆಯಲ್ಲಿ ಹುಸಿ ಜೈಲು ಕಟ್ಟಿ, ಆರಿಸಿಕೊಂಡ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಕೈದಿಗಳಾಗಿಯೂ ಕೆಲವರನ್ನು ಕಾವಲುಗಾರರಾಗಿಯೂ ಮಾಡಿದರು. ಎರಡು ವಾರ ನಡೆಯಬೇಕಿದ್ದ ಪ್ರಯೋಗವನ್ನು ಕಾವಲುಗಾರರ ಕಿರುಕುಳ ಮಿತಿಮೀರಿದ್ದರಿಂದ ಆರೇ ದಿನಕ್ಕೆ ನಿಲ್ಲಿಸಬೇಕಾಯಿತು. ಅಧಿಕಾರ ಸಿಕ್ಕರೆ ಎಂಥವನೂ ಕ್ರೂರಿಯಾಗುತ್ತಾನೆ ಎಂಬ ಪಾಠವನ್ನು ಲೋಕ ಅದರಿಂದ ಕಲಿಯಿತು. ಆದರೆ ಕಠಿಣವಾಗಿ ನಡೆದುಕೊಳ್ಳುವಂತೆ ಕಾವಲುಗಾರರಿಗೆ ಮೇಲಿನಿಂದಲೇ ಸೂಚನೆಗಳಿದ್ದವು ಎಂಬುದು ಮುಂದೆ ಹೊರಬಿತ್ತು. ಕ್ರೌರ್ಯ ತಾನಾಗಿ ಹುಟ್ಟಿರಲಿಲ್ಲ. ಅದನ್ನು ಕೇಳಿ ಪಡೆಯಲಾಗಿತ್ತು.

ಅದು ಆರು ದಿನಗಳ ಹುಸಿ ಜೈಲು. ವರ್ಷಗಟ್ಟಲೆ ನಿಜವಾದ ಜೈಲಿನಲ್ಲಿದ್ದವರ ಕಥೆ ಏನು? ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪಕ್ಕೆ 1964ರಲ್ಲಿ ನೆಲ್ಸನ್ ಮಂಡೇಲಾ ಮತ್ತು ಸಂಗಾತಿಗಳನ್ನು ಸಾಗಿಸಲಾಯಿತು. ಅಲ್ಲಿ ಕರಿಯರಿಗೆ ತುಂಡು ಚಡ್ಡಿ. ಅದೇ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಭಾರತೀಯ ಮೂಲದ ಅಹ್ಮದ್ ಕತ್ರಾಡಾರಿಗೆ ಉದ್ದ ಪ್ಯಾಂಟು. ಊಟದಲ್ಲೂ ಬಣ್ಣ ನೋಡಿ ಬಡಿಸುತ್ತಿದ್ದರು. ಬೆಳೆದ ಗಂಡಸಿಗೆ ಚಡ್ಡಿ ತೊಡಿಸುವುದು ಬಟ್ಟೆಯ ಉಳಿತಾಯಕ್ಕಲ್ಲ, 'ನೀನಿನ್ನೂ ಹುಡುಗ' ಎಂದು ದಿನವೂ ನೆನಪಿಸುವುದಕ್ಕೆ. ಮಂಡೇಲಾ ಪ್ರತಿಭಟಿಸಿದಾಗ ಅವರೊಬ್ಬರಿಗೆ ಪ್ಯಾಂಟು ಬಂತು. ಎಲ್ಲರಿಗೂ ಕೊಡುವುದಾದರೆ ಮಾತ್ರ ತೊಡುತ್ತೇನೆಂದು ಅವರು ಅದನ್ನು ಹಿಂದಿರುಗಿಸಿದರು. ಎಲ್ಲರಿಗೂ ಸಿಗಲು ವರ್ಷಗಳೇ ಹಿಡಿದವು.

1966ರಲ್ಲಿ ಅಲ್ಲಿನ ಕೈದಿಗಳು ಊಟ ಬಿಟ್ಟು ಮುಷ್ಕರ ಹೂಡಿದರು. ಅದನ್ನು ಕಂಡ ಕಾವಲುಗಾರರೂ ತಮಗೆ ಒಳ್ಳೆಯ ಊಟ, ವಸತಿ ಬೇಕೆಂದು ಊಟ ಬಿಟ್ಟರಂತೆ! ಮಂಡೇಲಾ ತಮ್ಮ ಆತ್ಮಕಥೆಯಲ್ಲಿ ಇದನ್ನು ನೆನೆದಿದ್ದಾರೆ. ಗೋಡೆ ಒಳಗಿನವರನ್ನಷ್ಟೇ ಅಲ್ಲ, ಕಾಯುವವರನ್ನೂ ಹಿಂಡುತ್ತದೆ. ಒಬ್ಬರ ದಿಟ್ಟತನ ಇನ್ನೊಬ್ಬರಿಗೂ ಬಾಯಿ ಕೊಡುತ್ತದೆ.

ನಮ್ಮ ಹುಡುಗನ ಬಳಿ ಅಂಥ ಸಂಘಟನೆ ಇರಲಿಲ್ಲ. ಆದರೆ ಜಾಮೀನಿನ ಮೇಲೆ ಹೊರಬಂದ ನಂತರ ಅವನು ಒಂದು ಸಂಗತಿ ಹೇಳಿದ. ಬ್ಯಾರಕ್ಕಿನಲ್ಲಿ ಕಾಲು ಚಾಚಲು ಜಾಗವಿಲ್ಲದೆ ಸರದಿಯಲ್ಲಿ ಮಲಗುತ್ತಿದ್ದರಂತೆ. ಇದ್ದ ಒಂದು ಒಳ್ಳೆಯ ಅಂಗಿಯನ್ನು ಅವನು ಒಗೆದು ಮಡಚಿ ತಲೆಯಡಿಯಲ್ಲಿ ಇಟ್ಟುಕೊಳ್ಳುತ್ತಿದ್ದ. "ಕೋರ್ಟಿನಲ್ಲಿ ಉಮ್ಮ ನೋಡುವಾಗ ಅಂಗಿ ಮುದುಡಿರಬಾರದಲ್ಲ" ಎಂದ. ಜಾಲರಿಯ ಮುಂದೆ ತಗ್ಗಿದ್ದ ತಲೆಯನ್ನು ನಾವು ಕಂಡಿದ್ದೆವು. ಆ ತಲೆಯಡಿಯ ಅಂಗಿ ನಮಗೆ ಕಂಡಿರಲಿಲ್ಲ.

ಮನೆಗೆ ಬಂದ ಮೇಲೂ ವಾರಗಟ್ಟಲೆ ಅವನು ಊಟದ ಮುಂದಿನಿಂದ ಏಳಲು ಅನುಮತಿ ಕೇಳುತ್ತಿದ್ದ. ಪ್ರತಿ ಬಾರಿಯೂ ಆ ತಾಯಿ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು.

2022ರ ಸರಕಾರಿ ಅಂಕಿಅಂಶಗಳ ಪ್ರಕಾರ ನಮ್ಮ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ಅಂದರೆ ತಪ್ಪು ಸಾಬೀತಾಗದವರು. ಈ ಅಂಕಿಯನ್ನು ಮುಂದಿಟ್ಟು ಸರಕಾರವನ್ನು ದೂರುವುದು ಸುಲಭ, ದೂರಲೇಬೇಕು ಕೂಡ. ಆದರೆ ನಮ್ಮ ಮಟ್ಟಿಗೆ ಇನ್ನೊಂದು ಸತ್ಯವಿದೆ. ಆ ಜಾಮೀನಿನ ಹಣವನ್ನು ಕೇರಿಯ ಹತ್ತು ಮನೆಗಳು ಸೇರಿ ಮೊದಲ ತಿಂಗಳಲ್ಲೇ ಹೊಂದಿಸಬಹುದಿತ್ತು. "ಸ್ವಲ್ಪ ದಿನ ಇರಲಿ, ಬುದ್ಧಿ ಬರುತ್ತದೆ" ಎಂದು ಸುಮ್ಮನಿದ್ದವರು ನಾವೇ.